ಬೆಂಚಿನ ಕೆಳಗಿದ್ದ ಚೀಲ

ಮಾರ್ಚ್ ೧೪, ಗುರುವಾರ

ನಿದ್ದೆ ಹತ್ತಿರ ಸುಳಿಯುತ್ತಿಲ್ಲ. ಆ ಚೀಲ ನೋಡಿ ಸೀಟಿ ಊದಿದವನು ನಾನೇ.

ಬಸ್ ಸ್ಟ್ಯಾಂಡಿನ ಗೇಟು ಕಾಯುವ ನಮಗೆ ಹೇಳಿಕೊಟ್ಟಿರೋದು ಇಷ್ಟೇ: ಯಾರದೂ ಅಲ್ಲದ ಚೀಲ ಕಂಡರೆ ಮುಟ್ಟಬೇಡ, ಪೊಲೀಸರಿಗೆ ಹೇಳು. ಅದು ಬೆಂಚಿನ ಕೆಳಗಿತ್ತು. ಜಿಪ್ಪಿನ ಸಂದಿಯಲ್ಲಿ ಕಬ್ಬಿಣದ ಕೊಳವೆ ಕಾಣುತ್ತಿತ್ತು. ಹೇಳಿದೆ. ಜನರನ್ನೆಲ್ಲ ಹೊರಗೆ ಅಟ್ಟಿ ಹಗ್ಗ ಕಟ್ಟಿದರು. ಬಾಂಬ್ ದಳ ಬಂತು.

ಆಗ ಪುಟ್ಟ ಮಗಳನ್ನು ಎತ್ತಿಕೊಂಡು ಒಬ್ಬ ಓಡಿಬಂದ. "ಅಣ್ಣಾ, ಅದು ನಮ್ದು! ಇವಳ ಕೃತಕ ಕಾಲು ಕಣಣ್ಣಾ! ಹೊಸದು, ಒತ್ತುತ್ತೆ ಅಂದ್ಲು, ಬಿಚ್ಚಿಟ್ಟಿದ್ದೆ. ಟಾಯ್ಲೆಟ್ಟಿಗೆ ಇವಳನ್ನ ಎತ್ಕೊಂಡು ಹೋಗ್ಲೋ, ಚೀಲ ಹೊರ್ಲೋ?"

ಹುಡುಗಿಯ ಲಂಗದ ಕೆಳಗೆ ಒಂದೇ ಶೂ. ನಾನು ಇನ್ಸ್‌ಪೆಕ್ಟರ್ ಹತ್ತಿರ ಓಡಿದೆ. "ಸಾರ್, ನಿಜ ಹೇಳ್ತಿದಾನೆ, ಮಗು ನೋಡಿ ಸಾರ್."

"ನಿಜಾನೇ ಇರಬಹುದು ಕಣೋ. ಅದನ್ನ ನಂಬಿ ಬಿಚ್ಚೋಕೆ ನಮ್ಮ ಹುಡುಗನ್ನ ಕಳಿಸ್ತೀನಿ ಅಂತಿಟ್ಕೋ. ಅವನಿಗೇನಾದ್ರೂ ಆದ್ರೆ ಅವರಮ್ಮಂಗೆ ನೀನು ಹೇಳ್ತೀಯಾ?"

ನಾನು ವಾಪಸ್ ಬಂದು ಅಪ್ಪ ಮಗಳನ್ನು ಹಗ್ಗದಿಂದ ಹಿಂದಕ್ಕೆ ಸರಿಸಿದೆ.

ಬಾಂಬ್ ದಳದವರು ಚೀಲವನ್ನು ದೂರದಿಂದಲೇ ಸಿಡಿಸಿದರು. ಢಮ್ ಅಂತು. "ಶಭಾಷ್, ಕಣ್ಣು ಚುರುಕಾಗಿದೆ ನಿಂದು" ಅಂತ ಇನ್ಸ್‌ಪೆಕ್ಟರ್ ಬೆನ್ನು ತಟ್ಟಿದರು. ಅಪ್ಪ ಮಗಳನ್ನು ಇನ್ನೊಂದು ಬೆಂಚಿನ ಮೇಲೆ ಕೂರಿಸಿ ಚೂರು ಆಯುತ್ತಿದ್ದ. ನಾನೂ ಬಗ್ಗಿದೆ. ಇನ್ನೊಂದು ಶೂ ಮಾತ್ರ ಪೂರ್ತಿ ಸಿಕ್ಕಿತು. ಕೊಟ್ಟೆ. ಹುಡುಗಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಅಪ್ಪಾ, ಇದಕ್ಕೇನೂ ಆಗಿಲ್ಲ ಅಲ್ವಾ?" ಅಂದಳು.

ಬೆಳಗಾದರೆ ಮತ್ತೆ ಅದೇ ಗೇಟು. ಇನ್ನೊಂದು ಚೀಲ ಕಂಡರೆ ಮತ್ತೆ ಊದುತ್ತೇನೆ. ಊದಲೇಬೇಕು. ಊದದೆ ಬಿಟ್ಟು, ಅದರೊಳಗೆ ನಿಜವಾಗಲೂ...