ನನ್ನ ಮೊಮ್ಮಗಳ ಸೊಂಟ ನಿಮ್ಮ ಕಾಲೇಜಿನ ಆಸ್ತಿಯಲ್ಲ

ಮಾನ್ಯ ಪ್ರಾಂಶುಪಾಲರೇ,

ನಾನು ಹೈಸ್ಕೂಲು ಮುಗಿಸಿದವಳು. ಮೂವರು ಗಂಡುಮಕ್ಕಳು, ಸೊಸೆಯರು, ಅವರ ಮಕ್ಕಳು ಎಲ್ಲ ಒಂದೇ ಸೂರಿನಡಿ ಇರುವ ಮನೆಗೆ ಯಜಮಾನಿ. ಗಂಡ ತೀರಿಕೊಂಡ ಮೇಲೆ ನಟ್ಟು, ಬೋಲ್ಟು, ಚಿಲಕ ಮಾರುವ ನಮ್ಮ ಅಂಗಡಿಯನ್ನು ನಿಲ್ಲಿಸಿಕೊಂಡು ಬಂದವಳೂ ನಾನೇ. ನಮ್ಮ ಬೀದಿಯಲ್ಲಿ ಎರಡು ಮನೆಯವರು ಗೋಡೆಗಾಗಿ ಜಗಳವಾಡಿದರೆ ಮೊದಲು ನನ್ನ ಹತ್ತಿರ ಬರುತ್ತಾರೆ, ವಕೀಲರ ಹತ್ತಿರ ಆಮೇಲೆ. ಇದನ್ನೆಲ್ಲ ಜಂಬಕ್ಕೆ ಹೇಳುತ್ತಿಲ್ಲ. ಸ್ವಲ್ಪ ಜಂಬವೂ ಇದೆ ಎನ್ನಿ. ಮೊನ್ನೆ ನೀವು ನನ್ನನ್ನು ಎಲ್ಲಿಂದಲೋ ಬಂದ ಅಳುಬುರುಕ ಮುದುಕಿ ಎಂದುಕೊಂಡಿರಿ, ಆ ತಪ್ಪು ತಿದ್ದಬೇಕಿತ್ತು. ನನ್ನ ದೂರು ಇಷ್ಟು: ಬಟ್ಟೆಯನ್ನು ಮೈಗೆ ಹೊಂದಿಸುವುದು ಹೇಗೆಂದು ಕಲಿಸಬೇಕಾದ ನಿಮ್ಮ ಕಾಲೇಜು, ಮೈಯನ್ನು ಬಟ್ಟೆಗೆ ಹೊಂದಿಸುವುದು ಹೇಗೆಂದು ಕಲಿಸುತ್ತಿದೆ. ಆ ಪಾಠಕ್ಕೆ ನೀವು ಬಳಸಿಕೊಂಡದ್ದು ನನ್ನ ಮೊಮ್ಮಗಳನ್ನು.

ಈ ಪತ್ರ ಓದುವ ಉಳಿದವರಿಗೆ ನಿಮ್ಮ ಪದ್ಧತಿ ಗೊತ್ತಿರಲಾರದು, ಹೇಳುತ್ತೇನೆ. ವರ್ಷದ ಆರಂಭದಲ್ಲಿ ತರಗತಿಯ ಹುಡುಗಿಯರಿಗೆಲ್ಲ ಟೇಪು ಹಿಡಿಯುತ್ತಾರೆ. ಅಲ್ಲಿ ತಲೆಯೂ ಕೈಯೂ ಇಲ್ಲದ ಒಂದು ಡಮ್ಮಿ, ಅಂದರೆ ಬಟ್ಟೆ ತೊಡಿಸಿ ನೋಡುವ ಗೊಂಬೆ, ನಿಂತಿರುತ್ತದೆ. ಯಾರ ಎದೆ, ಸೊಂಟ, ಭುಜ ಆ ಗೊಂಬೆಗೆ ಹತ್ತಿರವೋ ಅವಳನ್ನು ಆರಿಸುತ್ತಾರೆ. ಮುಂದೆ ವರ್ಷವಿಡೀ ಇಡೀ ತರಗತಿ ಹೊಲಿದದ್ದನ್ನೆಲ್ಲ ಅವಳೊಬ್ಬಳೇ ತೊಟ್ಟು ತೋರಿಸಬೇಕು. ಬಟ್ಟೆ ಕತ್ತರಿಸುವ ದೊಡ್ಡ ಮೇಜಿನ ಮೇಲೆ ಅವಳು ಕೈ ಅಗಲಿಸಿ ನಿಲ್ಲುತ್ತಾಳೆ; ಸುತ್ತ ನಿಂತವರು ತುಟಿಯಲ್ಲಿ ಕಚ್ಚಿಕೊಂಡ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಚುಚ್ಚುತ್ತಾರೆ. ಕೊನೆಯ ಪರೀಕ್ಷೆಯಲ್ಲೂ ಪರೀಕ್ಷಕರು ಬಟ್ಟೆಯನ್ನು ನೋಡುವುದು ಅವಳ ಮೈಮೇಲೆಯೇ. ಎಲ್ಲಾದರೂ ಬಿಗಿಯಿತೋ, ಹೊಲಿದವಳ ಅಂಕ ಹೋಯಿತು. ಗೊಂಬೆಗೆ ಹೊಟ್ಟೆಯಿಲ್ಲ, ವರ್ಷವಿಡೀ ಒಂದೇ ಅಳತೆಯಲ್ಲಿರುತ್ತದೆ. ಬೆಳೆಯುವ ಹುಡುಗಿ ಹಾಗಿರಲು ಸಾಧ್ಯವೇ?

ನನ್ನ ಮೊಮ್ಮಗಳನ್ನು ಆರಿಸಿದರು ಎಂಬ ಸುದ್ದಿ ಬಂದಾಗ ಅವಳಪ್ಪ, ನನ್ನ ನಡುವಿನ ಮಗ, ಮೊಳೆ ಕೊಳ್ಳಲು ಬಂದವರಿಗೂ ಹೇಳಿ ಕಳಿಸಿದ. ಯಾತಕ್ಕೆ ಆರಿಸಿದರು ಎಂದು ಅವನೂ ವಿಚಾರಿಸಲಿಲ್ಲ, ಮೊಳೆ ಕೊಂಡವರೂ ಕೇಳಲಿಲ್ಲ. ಅಲ್ಲಿ ಅವಳಿಗೆ ‘ಸ್ಯಾಂಪಲ್’ ಎಂದು ಹೆಸರಿಟ್ಟಿದ್ದಾರೆಂಬುದು ನಮಗೆ ತಿಳಿದದ್ದು ತೀರ ತಡವಾಗಿ. ರಜೆಗೆ ಬಂದಾಗ ತಟ್ಟೆಯಲ್ಲಿದ್ದುದನ್ನು ಅತ್ತಿಂದಿತ್ತ ಸರಿಸುತ್ತ ಕೂತಿರುತ್ತಿದ್ದಳು. ಹಾಸ್ಟೆಲಿನ ಊಟಕ್ಕೆ ನಾಲಿಗೆ ಕೆಟ್ಟಿದೆ ಎನ್ನುವಳು. ಡಾಕ್ಟರಿಗೆ ತೋರಿಸೋಣ ಎಂದು ಅವಳಮ್ಮ ಹಟ ಹಿಡಿದಾಗ, ಪ್ರಾಜೆಕ್ಟ್ ಇದೆ ಎಂದು ರಜೆ ಮುಗಿಯುವ ಮೊದಲೇ ಬಸ್ಸು ಹತ್ತಿದಳು.

ಕಳೆದ ತಿಂಗಳು ಆ ಮೇಜಿನ ಮೇಲಿಂದ ಬಿದ್ದಳು. ಒಬ್ಬರಾದ ಮೇಲೊಬ್ಬರ ಬಟ್ಟೆ ಹಾಕಿ ತೆಗೆದು, ಹಾಕಿ ತೆಗೆದು, ಕಣ್ಣಿಗೆ ಕತ್ತಲೆ ಬಂದಿದೆ. ಆಗ ಮೈಮೇಲಿದ್ದ ಬಟ್ಟೆಯ ತುಂಬ ಪಿನ್ನುಗಳು. ಬಿದ್ದ ಭಾರಕ್ಕೆ ಪಕ್ಕೆಗೆ ಇಳಿದವು. ಆಸ್ಪತ್ರೆಯ ನರ್ಸು ಬೇರೆ ದಾರಿ ಕಾಣದೆ ಆ ಬಟ್ಟೆಯನ್ನು ಕತ್ತರಿಸಿ ಬಿಡಿಸಿದಳು. ನಾನು ಹೋಗಿ ಹಾಸಿಗೆಯ ಪಕ್ಕ ಕೂತಾಗ ನನ್ನ ಕೂಸು ನೋವು ಎನ್ನಲಿಲ್ಲ, ಯಾವಾಗ ಬಂದೆ ಎಂದೂ ಕೇಳಲಿಲ್ಲ.

“ಅಜ್ಜಿ, ಆ ಡ್ರೆಸ್ಸು ಕತ್ತರಿಸಿಬಿಟ್ರು. ಪಾಪ, ಎಷ್ಟು ಕಷ್ಟಪಟ್ಟು ಹೊಲಿದಿದ್ಲು ಅವಳು,” ಎಂದಳು.

ಅಲ್ಲಿಯವರೆಗೆ ಅವಳು ಊಟ ಬಿಟ್ಟದ್ದು ಕನ್ನಡಿಯ ಹುಚ್ಚು ಎಂದುಕೊಂಡಿದ್ದೆ. ಹಾಗಾಗಿದ್ದರೆ ನಾಲ್ಕು ಬೈದು ಬಿಡಿಸಬಹುದಿತ್ತು. ಗೆಳತಿಯರ ಅಂಕಕ್ಕಾಗಿ ಹಸಿದಿರುವವಳನ್ನು ಏನೆಂದು ಬೈಯಲಿ?

ಅವಳ ಕೋಣೆಯಲ್ಲಿರುವ ಗುಂಗುರು ಕೂದಲಿನ ಹುಡುಗಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿದಳು. ಕ್ಯಾಂಟೀನಿನಲ್ಲಿ ಇವಳು ಎರಡನೇ ಸಲ ಬಡಿಸಿಕೊಳ್ಳಲು ಎದ್ದರೆ ಯಾರಾದರೂ ತಟ್ಟೆ ಕಸಿದುಕೊಳ್ಳುತ್ತಿದ್ದರಂತೆ, ನಗುನಗುತ್ತಲೇ. “ಏ ಸ್ಯಾಂಪಲ್, ನನ್ನ ಜಿಪ್ಪು ನೆನಪಿಟ್ಕೋ” ಎನ್ನುತ್ತಿದ್ದರಂತೆ. ಮೊದಮೊದಲು ಇವಳೂ ನಗುತ್ತಿದ್ದಳಂತೆ. ಬರಬರುತ್ತ ಕಸಿದುಕೊಳ್ಳುವ ಅಗತ್ಯವೇ ಬೀಳಲಿಲ್ಲವಂತೆ. ತಾನೂ ಹಾಗೆ ಅಂದದ್ದುಂಟು ಎಂದು ಆ ಹುಡುಗಿ ಮುಖ ಮುಚ್ಚಿಕೊಂಡಳು. ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಂಡೆ. ಇಷ್ಟು ಜನರ ಅಂಕವನ್ನು ಒಬ್ಬಳ ಸೊಂಟಕ್ಕೆ ಕಟ್ಟಿಹಾಕಿದವರು ಆ ಮಕ್ಕಳಲ್ಲವಲ್ಲ.

ಕಟ್ಟಿದವರನ್ನು ಕಾಣಲೆಂದು ನಿಮ್ಮ ಕಚೇರಿಗೆ ಬಂದೆ. ಗಾಜಿನ ಬಾಗಿಲ ಹೊರಗೆ ಬೆಂಚಿನಲ್ಲಿ ಕಾಯಿಸಿದಿರಿ, ಬೇಜಾರಿಲ್ಲ. ಚೌಕಾಸಿ ಮಾಡುವವರನ್ನು ನಾವೂ ಕಾಯಿಸುತ್ತೇವೆ. ಒಳಗೆ ಕರೆದ ಮೇಲೆ, ಆರಿಸಿದ್ದು ಅವಳಿಗೆ ಸಂದ ಗೌರವ ಎಂದಿರಿ. ಊಟ ಬಿಡು ಎಂದು ಕಾಲೇಜು ಯಾರಿಗೂ ಹೇಳಿಲ್ಲ ಎಂದಿರಿ. ನಿಜ, ಹೇಳಿಲ್ಲ. ಬಾವಿಗೆ ತಳ್ಳಿದವನೂ ಮುಳುಗು ಎಂದು ಹೇಳಿರುವುದಿಲ್ಲ. ಆಮೇಲೆ ನಿಮ್ಮ ಮುಖದಲ್ಲಿ ದೊಡ್ಡದೊಂದು ದಯೆ ಮೂಡಿತು.

“ನೋಡಿ ಅಮ್ಮಾ, ನಾವೂ ಮಕ್ಕಳೊಂದಿಗರೇ. ಪರೀಕ್ಷೆ ಎರಡು ವಾರ ಮುಂದೆ ಹಾಕ್ತೀವಿ. ಗ್ಲೂಕೋಸು ಹಾಕಿಸ್ಕೊಂಡು ಮೈ ಸ್ವಲ್ಪ ಊದಿರುತ್ತೆ. ಅಷ್ಟರಲ್ಲಿ ಅವಳು ತನ್ನ ಅಳತೆಗೆ ಬಂದ್ಬಿಡ್ಲಿ.”

ಯಾರ ಅಳತೆ ಸ್ವಾಮಿ ಅದು? ಅವಳ ಅಳತೆ ಅವಳ ಮೈಯಲ್ಲಿದೆ. ನೀವು ಹೇಳಿದ್ದು ಗೊಂಬೆಯದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಹೌದು. ಹಾಸಿಗೆ ಚಿಕ್ಕದಾಯಿತೆಂದು ಕಾಲು ಕತ್ತರಿಸಿಕೋ ಎಂದು ಯಾವ ಹಿರಿಯರೂ ಹೇಳಿದ್ದು ನಾನು ಕೇಳಿಲ್ಲ. ನಾನು ಕಬ್ಬಿಣ ಮಾರುವವಳು. ಅಳತೆಯ ಕಟ್ಟುನಿಟ್ಟು ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಬೋಲ್ಟು ನಟ್ಟಿಗೆ ಹೋಗದಿದ್ದರೆ ಬೇರೆ ನಟ್ಟು ತೆಗೆದುಕೊಡುತ್ತೇವೆ. ಕಬ್ಬಿಣಕ್ಕೂ ಅಷ್ಟು ಮರ್ಯಾದೆ ಇದೆ. ನಾಳೆ ಈ ಮಕ್ಕಳು ಹೊಲಿಯುವುದು ಯಾರಿಗೆ? ಹೆತ್ತ ಹೊಟ್ಟೆಯವರಿಗೆ, ಬೆನ್ನು ಬಾಗಿದವರಿಗೆ. ನನ್ನ ಹಿರಿಸೊಸೆಗೆ ಒಂದು ಭುಜ ಇಳಿದಿದೆ, ಅವಳ ರವಿಕೆಗೆ ಎರಡೂ ಕಡೆ ಬೇರೆ ಬೇರೆ ಅಳತೆ ಹಿಡಿಯಬೇಕು. ಗೊಂಬೆ ಎದ್ದು ಬಂದು ಬಟ್ಟೆ ಕೊಳ್ಳುತ್ತದೆಯೇ?

ನಿಮಗೆ ಕೈಮುಗಿದು ಹೊರಬಂದೆ. ಮೊಮ್ಮಗಳನ್ನು ಆಸ್ಪತ್ರೆಯಿಂದ ಬಿಟ್ಟ ಸಂಜೆಯೇ ಹಾಸ್ಟೆಲಿನ ಟಿವಿ ಕೋಣೆಗೆ ಇಡೀ ತರಗತಿಯನ್ನು ಕರೆಸಿದೆ. ಇವಳು ಇನ್ನು ಮೇಜು ಹತ್ತುವುದಿಲ್ಲ, ಹೊಲಿದದ್ದನ್ನು ಬಿಚ್ಚಿ ನಿಮ್ಮ ನಿಮ್ಮ ಮೈಗೆ ಹೊಂದಿಸಿಕೊಳ್ಳಿ, ನಿಮ್ಮ ಪ್ರಾಂಶುಪಾಲರು ಎರಡು ವಾರ ದಯಪಾಲಿಸಿದ್ದಾರೆ ಎಂದೆ. ಎತ್ತರದ ಹುಡುಗಿಯೊಬ್ಬಳು, ತನ್ನ ಬಟ್ಟೆಯಲ್ಲಿ ಬಿಚ್ಚಿ ಅಗಲಿಸಲು ಹೊಲಿಗೆಯ ಒಳಗೆ ಹೆಚ್ಚಿನ ಬಟ್ಟೆ ಏನೂ ಬಿಟ್ಟಿಲ್ಲ, ತಾನು ಫೇಲಾದರೆ ಅಜ್ಜಿ ಬರುತ್ತಾರಾ ಎಂದು ಕೇಳಿದಳು. ಕೇಳಬೇಕಾದ ಮಾತೇ. ಗೋಡೆಗೆ ಒರಗಿ ನಿಂತಿದ್ದ ಮೊಮ್ಮಗಳು ಹತ್ತಿರ ಬಂದಳು.

“ನೀನು ನಾಳೆ ಮನೆಗೆ ಹೋಗ್ತೀಯ ಅಜ್ಜಿ. ದಿನಾ ಇವರ ಮುಖ ನೋಡ್ಬೇಕಾದವಳು ನಾನು.”

“ನೋಡೋದಕ್ಕೆ ನೀನು ಇರ್ಬೇಕಲ್ಲ,” ಎಂದೆ.

ಗುಂಗುರು ಕೂದಲಿನವಳು ಹೋಗಿ ತನ್ನ ಕೋಟು ತಂದು, ಅಲ್ಲೇ ನೆಲದ ಮೇಲೆ ಕೂತು ಪಕ್ಕದ ಹೊಲಿಗೆ ಬಿಚ್ಚತೊಡಗಿದಳು. ಇನ್ನಿಬ್ಬರು ಮೂವರು ಅವಳ ಪಕ್ಕ ಕೂತರು. ಉಳಿದವರು ಎದ್ದು ಹೋದರು. ಹೋದವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಹೆದರಿಕೆಗೆ ನೀವು ಕಾರಣ.

ಆದ್ದರಿಂದ ಕೇಳುತ್ತಿದ್ದೇನೆ, ಬೇಡಿಕೊಳ್ಳುತ್ತಿಲ್ಲ. ಪ್ರತಿಯೊಬ್ಬಳ ಬಟ್ಟೆಯನ್ನೂ ಅವಳ ಮೈಮೇಲೋ ಅವಳು ಕರೆತಂದವರ ಮೈಮೇಲೋ ನೋಡಿ ಅಂಕ ಕೊಡಿ. ಆ ಎತ್ತರದ ಹುಡುಗಿಗೆ ಹೊಸ ಬಟ್ಟೆಯೂ ಹೊಲಿಯಲು ಸಮಯವೂ ಕೊಡಿ. ಎರಡು ವಾರ ಕೊಡಲು ನಿಮಗೆ ಬರುತ್ತದೆಂದು ನೋಡಿದ್ದೇನೆ. ಮುಂದಿನ ವರ್ಷ ಬರುವ ಮಕ್ಕಳಲ್ಲಿ ಯಾರನ್ನೂ ಆರಿಸಬೇಡಿ. ಮೇಜಿನ ಮೇಲೆ ಬಟ್ಟೆ ಕತ್ತರಿಸಲಿ, ಸಾಕು.

ಮೊಮ್ಮಗಳನ್ನು ನಾನು ಮನೆಗೆ ಕರೆತಂದಾಗಿದೆ. ಡಾಕ್ಟರು ಸರಿ ಎಂದ ದಿನ ತಿರುಗಿ ಬರುತ್ತಾಳೆ, ಹೊಲಿಯಲು, ನಿಲ್ಲಲು ಅಲ್ಲ. ಈಗ ಹೊತ್ತಿಗೆ ಸರಿಯಾಗಿ ಊಟಕ್ಕೆ ಕೂರುತ್ತಾಳೆ, ನನ್ನ ಕಡೆ ನೋಡದೆ. ಅವಳ ದಿಂಬಿನಡಿ ಸಿಕ್ಕ ಟೇಪನ್ನು ಅಂಗಡಿಗೆ ಒಯ್ದಿದ್ದೇನೆ. ಅದರಲ್ಲಿ ಈಗ ಹಗ್ಗ ಅಳೆದುಕೊಡುತ್ತಾರೆ.

ಇಂತಿ,
ಸದ್ಯಕ್ಕೆ ಮೊಮ್ಮಗಳು ಮಾತು ಬಿಟ್ಟಿರುವ ಒಬ್ಬ ಅಜ್ಜಿ