ಒಂದು ಬಾಟಲಿ ಕಡಲು

ಜನವರಿ 13, ಸೋಮವಾರ, ಬೆಳಗ್ಗೆ

ಕೊಡೆಗಳನ್ನೆಲ್ಲ ನೆಟ್ಟಾಯಿತು. ಮರಳು ಆಗಲೇ ಕಾಯುತ್ತಿದೆ. ಕುರ್ಚಿ ಒರೆಸುವುದು ಬಾಕಿ — ಐದು ನಿಮಿಷ ಕದ್ದು ಬರೆಯುತ್ತಿದ್ದೇನೆ. ಕೂತರೆ ಕಾಲು ಸುಮ್ಮನಿರುವುದಿಲ್ಲ. ಸ್ಕೂಲು ಬಿಟ್ಟದ್ದೂ ಇದೇ ಕಾಲಿನಿಂದ.

ಚಿಕ್ಕಮ್ಮ ಲೆನಿರಾ ಇನ್ನೂ ಮುನಿಸಿಕೊಂಡಿದ್ದಾಳೆ. ದಡದ ಮೇಲಿನ ಈ ಬಾಡಿಗೆ ಅಂಗಡಿ ಅವಳದು, ಕೊಡೆ, ಕುರ್ಚಿ ಅವಳದು, ಮುನಿಸಿಕೊಳ್ಳುವ ಹಕ್ಕೂ ಅವಳದೇ. ನಿನ್ನೆ ಇಬ್ಬರು ವಿದೇಶಿಯರು ಬಂದು ಇಲ್ಲಿ ಸೇಫಾ ಎಂದು ಕೇಳಿದರು. ಕೇಳಿದ್ದಕ್ಕೆ ಹೇಳಿದೆ. ನೀರಿನ ಹತ್ತಿರ ಫೋನು ತೆಗೆಯಬೇಡಿ. ಕುಡಿಯುವ ಮೊದಲೇ ರೇಟು ಕೇಳಿ. ಕಾರ್ಡು ಕೊಡುವಾಗ ಮಷೀನಿನಲ್ಲಿ ಬಂದ ಅಂಕಿಯನ್ನು ನೀವೇ ಓದಿ. ಚೀಲವನ್ನು ಕುರ್ಚಿಯ ಕಾಲಿಗೆ ಕಟ್ಟಿ. ಕೆಂಪು ಬಾವುಟ ಇದ್ದರೆ ನೀರಿಗೆ ಇಳಿಯಬೇಡಿ, ಕಳ್ಳನಿಗಿಂತ ಸೆಳೆತ ಕೆಟ್ಟದ್ದು… ಅವರು ಎದ್ದು ಹೋಟೆಲಿಗೆ ಹೊರಟುಹೋದರು.

“ಸೇಫಾ ಅಂದ್ರೆ ಸೇಫು ಅನ್ನಬೇಕು ಕಣೆ ಜುರೇಮಾ. ಅಷ್ಟೇ.”

“ಸುಳ್ಳಲ್ವಾ ಚಿಕ್ಕಮ್ಮ?”

“ಸುಳ್ಳಲ್ಲ, ವ್ಯಾಪಾರ. ಕೊಪಕಬಾನಾ ಬೀಚಲ್ಲಿ ಅಲೆ ಓಡಿಸದೇ ಇರೋ ಜನಾನ ನಿನ್ನ ಬಾಯಿ ಓಡಿಸುತ್ತೆ.”

ಸಂಜೆ

ಗುಡ್ಡಗಾಡಿನ ಮಿನಾಸ್ ಸೀಮೆಯಿಂದ ಒಂದು ಬಸ್ಸು ಬಂದಿದೆ. ಐದು ದಿನದ ಪ್ರವಾಸ. ಅದರಲ್ಲಿ ಒಬ್ಬ ಅಜ್ಜಿ. ನೀಲಿ ಟೋಪಿ, ಕಾಲಲ್ಲಿ ಮುಚ್ಚಿದ ಬೂಟು, ಎದೆಗೆ ಅವುಚಿಕೊಂಡ ಚೀಲ. ಕೊಡೆಯ ಕೆಳಗೆ ಕೂತವಳು ಸಂಜೆಯ ತನಕ ಚೀಲ ಇಳಿಸಲಿಲ್ಲ. ಮಗು ಎತ್ತಿಕೊಂಡವರಂತೆ.

“ನಿಮ್ಮ ಹೆಸರೇನಜ್ಜಿ?”

“ಹೇಳಂಗಿಲ್ಲ.”

“ಯಾಕೆ?”

“ನನ ಮಗ ಹೇಳ್ಯಾನ. ರಿಯೊದಾಗ ಯಾರ ಕೂಡಾನೂ ಮಾತಾಡಬ್ಯಾಡ, ಯಾರಿಗೂ ಹೆಸರು ಹೇಳಬ್ಯಾಡ, ಯಾರ್ ಏನ್ ಕೊಟ್ರೂ ತಿನಬ್ಯಾಡ. ನೀನೂ ಈ ಊರಿನಾಕಿನ ಅಲ್ಲಾ?”

ಹೌದು ಎಂದೆ. ಮತ್ತೇನು ಹೇಳಲಿ.

“ನೋಡು ಮತ್ತ,” ಎಂದು ಚೀಲವನ್ನು ಇನ್ನಷ್ಟು ಅವುಚಿಕೊಂಡಳು.

ನಾವು ಕುರ್ಚಿಯವರು ಹೇಳುವುದೇ ಬೇರೆ: ಒಂದು ಅಂಗಡಿ ಹಿಡಿಯಿರಿ, ಅಲ್ಲಿ ಒಬ್ಬರಿಗಾದರೂ ನಿಮ್ಮ ಹೆಸರು ಗೊತ್ತಿರಲಿ. ಹೆಸರು ಗೊತ್ತಿದ್ದವರನ್ನು ನಾವು ಕಣ್ಣಲ್ಲೇ ಕಾಯುತ್ತೇವೆ. ಹೇಳಿ ನೋಡಿದೆ. ಒಪ್ಪಲಿಲ್ಲ. ಸರಿ, ಹಿರಿಯ ಹೆಂಗಸರಿಗೆ ಹಾಕುವ ‘ದೋನಾ’ ಸೇರಿಸಿ ‘ದೋನಾ ನೀಲಿ ಟೋಪಿ’ ಎಂದು ನಾನೇ ನಾಮಕರಣ ಮಾಡಿದೆ. ಮುಖ ಆಚೆ ತಿರುಗಿಸಿಕೊಂಡು ನಕ್ಕಳು.

ಜನವರಿ 14, ಮಂಗಳವಾರ

ಬಸ್ಸಿನವರೆಲ್ಲ ಬೆಟ್ಟ ನೋಡಲು ಹೋದರು. ನೀಲಿ ಟೋಪಿ ಹೋಗಲಿಲ್ಲ.

“ಬೆಟ್ಟ ನಮ್ಮ ಊರಾಗ ಬೇಕಾದಷ್ಟ ಅದಾವ. ನಾ ಬಂದಿದ್ದು ಇದನ್ನ ನೋಡಾಕ.” ಕಡಲಿನ ಕಡೆ ಗದ್ದ ತೋರಿಸಿದಳು. ಬೆರಳು ತೋರಿಸಲಿಲ್ಲ, ಕೈ ಚೀಲದ ಮೇಲಿತ್ತು.

ಮಧ್ಯಾಹ್ನದ ಹೊತ್ತಿಗೆ ಚೀಲ ತಾನಾಗಿಯೇ ತೆರೆಯಿತು. ಒಳಗೆ ದುಡ್ಡೂ ಇಲ್ಲ, ಒಡವೆಯೂ ಇಲ್ಲ. ಬಟ್ಟೆಯಲ್ಲಿ ಸುತ್ತಿದ ಚೀಸಿನ ಉಂಡೆಗಳು, ಮನೆಯಲ್ಲಿ ಬೇಯಿಸಿದ್ದು. ಮತ್ತೆ ಒಂದು ಖಾಲಿ ಗಾಜಿನ ಬಾಟಲಿ, ಬಿರಡೆ ಹಾಕಿದ್ದು.

ನನಗೊಂದು ಉಂಡೆ ಕೊಟ್ಟಳು. “ನನ ಮಗ ನನಗ ತಿನಬ್ಯಾಡ ಅಂದಾನ. ಕೊಡಬ್ಯಾಡ ಅಂದಿಲ್ಲ.”

ಬಾಟಲಿ ತಂಗಿಗಂತೆ. ಝುಲ್ಮಿರಾ. ಹಾಸಿಗೆ ಹಿಡಿದಿದ್ದಾಳೆ, ಎರಡೂ ಕಾಲು ಊದಿಕೊಂಡಿವೆ. ಅಕ್ಕತಂಗಿಯರಿಬ್ಬರೂ ಒಟ್ಟಿಗೆ ಕಡಲು ನೋಡಬೇಕೆಂದು ಎಷ್ಟೋ ವರ್ಷದಿಂದ ಅಂದುಕೊಂಡಿದ್ದರು. ಈಗ ಒಬ್ಬಳೇ ಬಂದಿದ್ದಾಳೆ. ಆ ಸೀಮೆಯವರಲ್ಲಿ ಇದು ರೂಢಿ — ಕಡಲಿಗೆ ಬಂದವರು ಬರಲಾಗದವರಿಗೆ ನೀರು ಒಯ್ಯುತ್ತಾರೆ.

“ದಂಡಿ ಮ್ಯಾಲಿನ ಹೊಲಸು ನೀರಲ್ಲ. ನಾನ ಕೈಯಾರ, ಕಡಲಾಗ ನಿಂತು ತುಂಬಬೇಕು. ಆಕಿ ಕಾಲಿಗೆ ಹಾಕಾಕ. ಡಾಕ್ಟ್ರು ಇನ್ನ ಭಾಳ ದಿನ ಇಲ್ಲ ಅಂದಾರ.”

ಕೆಂಪು ಬಾವುಟ ಹಾರುತ್ತಿತ್ತು. ಕರೆದುಕೊಂಡು ಹೋಗಲಿಲ್ಲ.

ಜನವರಿ 15, ಬುಧವಾರ

ಇವತ್ತೂ ಕೆಂಪು. ಅಲೆ ದೊಡ್ಡದಾಗಿ ಬಂದು ದಡದಲ್ಲೇ ಒಡೆಯುತ್ತಿದೆ. ಕಾಲ ಕೆಳಗಿನ ಮರಳನ್ನೇ ಎಳೆದೊಯ್ಯುವಂಥದ್ದು. ಜೀವರಕ್ಷಕ ಎವಾಲ್ಡೊನನ್ನು ಕೇಳಿದೆ. ಶುಕ್ರವಾರ ಅಲೆಯ ಅಬ್ಬರ ಇಳಿದರೂ ಇಳಿಯಬಹುದು ಎಂದ.

ಅಜ್ಜಿ ಬೂಟು ಬಿಚ್ಚಿ ರೆಡಿಯಾಗಿ ಕೂತಿದ್ದಳು. ಬೆಳ್ಳಗಿನ ಪಾದ. ಬಿಸಿಲನ್ನೇ ಕಾಣದ್ದು.

“ಏನೂ ಆಗಂಗಿಲ್ಲ ಅಂತ ಒಂದ್ ಮಾತು ಹೇಳವ್ವಾ. ನಾ ಇಳೀತೀನಿ.”

ಹೇಳಬಹುದಿತ್ತು. ಪಕ್ಕದಲ್ಲಿ ಚಿಕ್ಕಮ್ಮ ಕಣ್ಣಲ್ಲೇ ಹೇಳು ಹೇಳು ಎನ್ನುತ್ತಿದ್ದಳು. ಮೊನ್ನೆ ಇದೇ ನೀರು ನನ್ನಂಥವಳನ್ನೇ ಮಗುಚಿ ಹಾಕಿದೆ.

“ಹೇಳಕ್ಕಾಗಲ್ಲ ಅಜ್ಜಿ. ಆಗಬಹುದು.”

ಅಜ್ಜಿ ಬೂಟು ಹಾಕಿಕೊಂಡಳು. ಕುರ್ಚಿಯನ್ನು ರಸ್ತೆಯ ಕಡೆ ತಿರುಗಿಸಿ ಕೂತಳು. ಕಡಲಿಗೆ ಬೆನ್ನು, ನನಗೂ ಬೆನ್ನು. ಆಮೇಲೆ ಹಾಗೇ ಎದ್ದು ಹೋದಳು.

“ಆ ಮುದುಕಿ ಒಂದು ಧೈರ್ಯದ ಮಾತು ಕೇಳಿದ್ಲು, ಅದನ್ನೂ ಕೊಡಲಿಲ್ಲ ನೀನು,” ಎಂದಳು ಚಿಕ್ಕಮ್ಮ. ಬೈಗುಳದ ದನಿಯಲ್ಲಲ್ಲ. ಅದಕ್ಕೇ ಹೆಚ್ಚು ನೋವಾಯಿತು.

ಜನವರಿ 17, ಶುಕ್ರವಾರ, ಬೆಳಗ್ಗೆ

ನಿನ್ನೆ ಅವಳು ಬರಲೇ ಇಲ್ಲ. ಬರೆಯಲೂ ಮನಸ್ಸಾಗಲಿಲ್ಲ.

ಇವತ್ತು ಬಂದಿದ್ದಾಳೆ. ಬಸ್ಸು ಮಧ್ಯಾಹ್ನ ಮೂರಕ್ಕೆ ಹೊರಡುತ್ತದಂತೆ. ನಮ್ಮೆದುರು ಇನ್ನೂ ಕೆಂಪು. ಅಜ್ಜಿ ಬಾವುಟ ನೋಡುತ್ತಾಳೆ, ಬಾಟಲಿ ನೋಡುತ್ತಾಳೆ. ನನ್ನನ್ನು ನೋಡುವುದಿಲ್ಲ.

ಗಿರಾಕಿಗಳು ಬಂದರು —

ಅದೇ ದಿನ, ಸಂಜೆ

ಆದದ್ದು ಆದಂತೆ ಬರೆಯುತ್ತೇನೆ.

ಮೂರಾಗಲು ಇನ್ನು ಸ್ವಲ್ಪ ಹೊತ್ತಿತ್ತು. ಒಂದು ಸಂಸಾರಕ್ಕೆ ಕೊಡೆ ನೆಟ್ಟು ತಿರುಗಿದೆ. ಕುರ್ಚಿ ಖಾಲಿ. ಬೂಟು ಮಾತ್ರ ಇದೆ, ಜೋಡಿಯಾಗಿ. ಚೀಲ ಇಲ್ಲ. ಟೋಪಿ ಇಲ್ಲ.

ಮೊದಲು ನೀರು ನೋಡಿದೆ. ಎವಾಲ್ಡೊನ ಹತ್ತಿರ ಓಡಿದೆ. ನೀಲಿ ಟೋಪಿ ನೀರಿಗಿಳಿದದ್ದನ್ನು ನಾನು ನೋಡಿಲ್ಲ, ನನ್ನ ಕಣ್ಣು ತಪ್ಪಿಸಿ ಯಾರೂ ಇಳಿಯಲ್ಲ ಎಂದ. ಬಸ್ಸಿನ ಮೇಲ್ವಿಚಾರಕಿ ಮಾರ್ಲುಸಿ ರಸ್ತೆಯಿಂದ ಇಳಿದು ಬಂದಳು. ಎಲ್ಲರೂ ಹತ್ತಿದ್ದಾರೆ, ಆ ಮುದುಕಿ ಎಲ್ಲಿ ಎಂದು ಕಿರುಚಿದಳು. ಕೂಗೋಣವೆಂದರೆ ನನಗೆ ಅಜ್ಜಿಯ ಹೆಸರು ಗೊತ್ತಿಲ್ಲ, ಮಾರ್ಲುಸಿಯನ್ನು ಕೇಳಲೂ ತೋಚಲಿಲ್ಲ. “ದೋನಾ ನೀಲಿ ಟೋಪಿ!” ಎಂದು ಕೂಗುತ್ತ ಮರಳಿನಲ್ಲಿ ಓಡಿದೆ. ಜನ ನಕ್ಕರು. ನಗಲಿ.

ಆಮೇಲೆ ಚಪ್ಪಾಳೆ ಕೇಳಿಸಿತು.

ಮಗು ತಪ್ಪಿಸಿಕೊಂಡಾಗ ಹೊಡೆಯುವ ಚಪ್ಪಾಳೆ. ಸಿಕ್ಕವರು ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ದಡದುದ್ದಕ್ಕೂ ನಡೆಯುತ್ತಾರೆ. ದಾರಿಯಲ್ಲಿದ್ದವರೆಲ್ಲ ತಾಳ ಹಾಕಿದಂತೆ ಒಟ್ಟಿಗೆ ತಟ್ಟುತ್ತಾರೆ. ತಾಯಿ ಕೇಳಿಸಿಕೊಂಡು ಓಡಿ ಬರುತ್ತಾಳೆ, ಚಪ್ಪಾಳೆ ನಿಲ್ಲುತ್ತದೆ. ಕಂಕುಳ ಕೂಸಾಗಿದ್ದಾಗಿನಿಂದ ನಮಗೆಲ್ಲ ಇದು ಗೊತ್ತು.

ಈ ಸಲ ಜನರ ತಲೆಗಳ ಮೇಲೆ ತೇಲಿ ಬಂದದ್ದು ನೀಲಿ ಟೋಪಿ.

ಟೀ ಮಾರುವ ಜುವೆನಾಲ್ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ದಡದಲ್ಲಿ ಚೀಸು ಸುಟ್ಟು ಮಾರುವವನ ಜೊತೆ ಸೇರಿ ಹೆಗಲೆತ್ತರಕ್ಕೆ ಹೊತ್ತುಕೊಂಡಿದ್ದ. ಹಿಂದೆ ಅರ್ಧ ಬೀಚು. ಎಲ್ಲರ ಮುಖವೂ ಮದುವೆ ಮೆರವಣಿಗೆಯಲ್ಲಿ ಇದ್ದಂತೆ. ಕುರ್ಚಿಯ ಮೇಲೆ ಅಜ್ಜಿ ಮಾತ್ರ ಪ್ರಾಣ ಹೋಗುವಂತೆ ಅರಚುತ್ತಿದ್ದಳು.

“ಕಳ್ಳರು! ಯಪ್ಪಾ, ಎತ್ಕೊಂಡ್ ಹೊಂಟಾರ! ಪೊಲೀಸ್ರನ್ನ ಕರೀರಿ! ಯಾಕ ಚಪ್ಪಾಳೆ ಹೊಡೀತೀರೋ ಹಾಳಾದವ್ರೇ!”

ಅವಳು ಅರಚಿದಷ್ಟೂ ಜನ ಜೋರಾಗಿ ತಟ್ಟುತ್ತಾರೆ. ಮಗು ಅತ್ತರೆ ಹಾಗೆಯೇ ಅಲ್ಲವೇ ಮಾಡುವುದು.

ಓಡಿಹೋಗಿ ಅವಳ ಕಾಲು ಹಿಡಿದುಕೊಂಡೆ. ಬರಿಗಾಲು, ಕಾದ ಮರಳಿನಿಂದ ಕೆಂಪಾಗಿತ್ತು. “ಅಜ್ಜಿ, ನಾನು. ಇವರು ಕಳ್ಳರಲ್ಲ. ನಿಮ್ಮವರನ್ನ ಹುಡುಕ್ತಿದಾರೆ.”

ಚಪ್ಪಾಳೆ ನಿಂತಿತು. ನಾನೇ ತಾಯಿ ಎಂದುಕೊಂಡರು ಅನ್ನಿಸುತ್ತದೆ.

ಅಜ್ಜಿ ನನ್ನ ಮುಖ ನೋಡಿದಳು. ಬಾಯಿ ಮುಚ್ಚಿತು. ಆಮೇಲೆ ಅಳು.

ಕೆಂಪು ಬಾವುಟ ಇಲ್ಲದ ಕಡೆ ಹುಡುಕಿಕೊಂಡು ದಡದಲ್ಲೇ ನಡೆದಿದ್ದಳಂತೆ. ಕೊನೆಗೆ ದಂಡೆಯ ನೀರಾದರೂ ಸಾಕೆಂದು ಒಂದು ಕಡೆ ಬಗ್ಗಿ ಬಾಟಲಿ ತುಂಬಿಸಿಕೊಂಡಳು. ತಿರುಗಿ ನೋಡಿದರೆ ಎಲ್ಲ ಕೊಡೆಯೂ ಒಂದೇ ಥರ. ಯಾರನ್ನೂ ಕೇಳಲಿಲ್ಲ, ಮಗ ಹೇಳಿದ್ದನಲ್ಲ. ಕುಸಿದು ಕೂತಾಗ ಜುವೆನಾಲ್ ನೋಡಿದ. ಯಾರ ಕಡೆಯವರು, ಹೆಸರೇನು — ಎಷ್ಟು ಕೇಳಿದರೂ ತುಟಿ ಬಿಚ್ಚಲಿಲ್ಲ. ತಪ್ಪಿಸಿಕೊಂಡವರಿಗೆ ಏನು ಮಾಡಬೇಕೋ ಅದನ್ನು ಅವನು ಮಾಡಿದ. ಕುರ್ಚಿ ಮೇಲೆದ್ದದ್ದೇ ತಡ, ಅಜ್ಜಿ ಬಾಟಲಿ ಬೀಸಿ ಅವನಿಗೆ ಹೊಡೆದಿದ್ದಾಳೆ. ಅದು ಅವನ ಭುಜಕ್ಕೆ ಬಡಿದು, ಹೆಗಲಿಗೆ ನೇತುಹಾಕಿಕೊಂಡಿದ್ದ ಟೀ ಡ್ರಮ್ಮಿಗೆ ತಗುಲಿದೆ. ಬಾಟಲಿ ಒಡೆಯಲಿಲ್ಲ, ಬಿರಡೆ ಹಾರಿ ನೀರು ಪೂರ್ತಿ ಚೆಲ್ಲಿತು.

“ನಿಮ್ಮ ಅಜ್ಜಿ ಬಾಕ್ಸಿಂಗಿಗೆ ಹೋಗಬಹುದು,” ಎಂದ ಜುವೆನಾಲ್, ಭುಜ ಉಜ್ಜಿಕೊಳ್ಳುತ್ತ. ಅವಳಿಗೆ ಒಂದು ಲೋಟ ಟೀ ಬಗ್ಗಿಸಿದ. ಅಜ್ಜಿ ನನ್ನ ಕಡೆ ನೋಡಿದಳು. ನಾನು ತಲೆ ಆಡಿಸಿದೆ. ಕುಡಿದಳು.

ಅಷ್ಟರಲ್ಲಿ ಮಾರ್ಲುಸಿ ಬಂದಳು. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ.

“ನೀರು ತಾನೇ? ಅಲ್ಲಿ ನಲ್ಲಿ ಇದೆ, ಒಂದು ಹಿಡಿ ಉಪ್ಪು ಹಾಕಿ. ಹಾಸಿಗೆಯಲ್ಲಿ ಇರೋರಿಗೆ ಏನು ಗೊತ್ತಾಗುತ್ತೆ?”

ಅಜ್ಜಿ ಖಾಲಿ ಬಾಟಲಿಯ ಮೇಲಿನ ಮರಳನ್ನು ಹೆಬ್ಬೆರಳಿನಿಂದ ಒರೆಸುತ್ತಿದ್ದಳು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

“ಉಪ್ಪು ಹಾಕಿದ ನಲ್ಲಿ ನೀರು ಕಡಲಲ್ಲ,” ಎಂದೆ. “ಎವಾಲ್ಡೊ, ನೀನು ಮುಂದೆ ನಿಲ್ತೀಯಾ?”

ಅವನು ಅಲೆಗಳನ್ನು ನೋಡುತ್ತಾ ನಿಂತ. ಒಂದು ದೊಡ್ಡ ಸಾಲು ಒಡೆದು ಹೋಗುವ ತನಕ.

“ಅವರ ಕಾಲು ನೆಲಕ್ಕೆ ತಾಗಬಾರದು. ಕುರ್ಚಿಯಲ್ಲೇ ತನ್ನಿ. ನೀರು ನನ್ನ ಮೊಣಕಾಲು ಮುಟ್ಟೋ ತನಕ. ಆಚೆಗೆ ಒಂದು ಬೆರಳೂ ಇಲ್ಲ. ನಾನು ಹಿಂದೆ ಅಂದ್ರೆ ಹಿಂದೆ.”

ಜುವೆನಾಲ್ ಒಂದು ಕಡೆ, ಚೀಸಿನವನು ಒಂದು ಕಡೆ, ಬೆನ್ನಿಗೆ ನಾನು. ಎದುರಿಗೆ ಎವಾಲ್ಡೊ, ಕಡಲಿಗೆ ಮುಖ ಮಾಡಿ. ಚಿಕ್ಕಮ್ಮ ಅಂಗಡಿಯನ್ನು ಹಾಗೇ ಬಿಟ್ಟು ಮಾರ್ಲುಸಿಯ ತೋಳು ಹಿಡಿದು ನಿಂತಿದ್ದಳು. ಬಸ್ಸಿಗೆ ಓಡಿಹೋಗದ ಹಾಗೆ.

ನೀರಿನಂಚಿನಲ್ಲಿ ಅಜ್ಜಿ ಕತ್ತು ತಿರುಗಿಸಿದಳು.

“ಏನೂ ಆಗಂಗಿಲ್ಲಲ್ಲ?”

“ಗೊತ್ತಿಲ್ಲ ಅಜ್ಜಿ. ನಾನು ಕೈ ಬಿಡಲ್ಲ. ಅಷ್ಟು ಗೊತ್ತು.”

ಅವಳು ಮತ್ತೆ ಕಡಲಿನ ಕಡೆ ತಿರುಗಿದಳು.

“ಎರ್ಸಿಲಿಯಾ,” ಎಂದಳು. “ನನ ಹೆಸರು.”

ಒಳಗೆ ಹೋದೆವು. ಅಲೆ ಬಂತು. ಕುರ್ಚಿಯ ತಳಕ್ಕೆ ಬಡಿಯಿತು, ಅವಳ ಲಂಗ ಅರಳಿತು, ಕಾಲು ಮುಳುಗಿತು. ದೋನಾ ಎರ್ಸಿಲಿಯಾ ಒಂದು ಕೂಗು ಹಾಕಿದಳು, ಭಯದ್ದಲ್ಲ. ಬಗ್ಗಿ ಬಾಟಲಿ ಮುಳುಗಿಸಿದಳು. ಅದು ಗುಳುಗುಳು ಎನ್ನುತ್ತ ತುಂಬಿಕೊಂಡಿತು. ತುಂಬಿದ ಮೇಲೂ ಕೈ ಮೇಲೆ ತೆಗೆಯಲಿಲ್ಲ. ನೀರೊಳಗೇ ಬೆರಳು ಆಡಿಸುತ್ತಿದ್ದಳು, ಯಾರದೋ ತಲೆ ಸವರುವ ಹಾಗೆ.

“ಹಿಂದೆ!” ಎಂದ ಎವಾಲ್ಡೊ.

ಜುವೆನಾಲ್ ಹೆಕ್ಕಿ ತಂದಿದ್ದ ಬಿರಡೆಯನ್ನು ನಾನೇ ಒತ್ತಿದೆ. ಮೇಲೆ ಪ್ಲಾಸ್ಟಿಕ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದೆ. ಬಸ್ಸಿನ ಮೆಟ್ಟಿಲ ಮೇಲೆ ನಿಂತು ನನ್ನ ನಂಬರ್ ಕೇಳಿದಳು, ತನ್ನದನ್ನೂ ಕೊಟ್ಟಳು. ತಂಗಿಗೆ ಮುಟ್ಟಿದ ಮೇಲೆ ಫೋನ್ ಮಾಡ್ತೀನಿ ಎಂದಳು. ನನ್ನ ಕೆನ್ನೆ ಹಿಡಿದು ಮುತ್ತಿಡುವ ಹಾಗೆ ಮೂಸಿದಳು. ಒದ್ದೆ ಟೋಪಿಯ ವಾಸನೆ.

ಜನವರಿ 20, ಸೋಮವಾರ

ಫೋನ್ ಬಂದಿಲ್ಲ. ಬಸ್ಸು ಶನಿವಾರವೇ ಮುಟ್ಟಿರಬೇಕು.

ಹಸಿರು ಬಾವುಟ. ಇಡೀ ದಿನ. ಈಗ ಹಾರಿಸಿ ಏನು ಉಪಯೋಗ.

ಜನವರಿ 26, ಭಾನುವಾರ

ಇಲ್ಲ.

ಚಿಕ್ಕಮ್ಮ ದಿನಾ ಕೇಳುತ್ತಾಳೆ, ಕೇಳದವಳ ಹಾಗೆ. “ನಿನ್ನ ಫೋನಿಗೆ ಚಾರ್ಜ್ ಇದೆ ತಾನೆ?” ಎನ್ನುತ್ತಾಳೆ. ಒಂದು ಸಂಸಾರ ಬಂದು ಇಲ್ಲಿ ಸೇಫಾ ಎಂದು ಕೇಳಿತು. ಚಿಕ್ಕಮ್ಮನೇ ಹೇಳಿದಳು: “ಮೊದಲು ನಿಮ್ಮ ಹೆಸರು ಹೇಳಿ, ಆಮೇಲೆ ಬಾವುಟ ನೋಡಿ. ಮಿಕ್ಕಿದ್ದನ್ನ ಈ ಹುಡುಗಿ ಹೇಳ್ತಾಳೆ, ಭಯ ಬೀಳಬೇಡಿ.” ಅವರು ಎದ್ದು ಹೋಗಲಿಲ್ಲ.

ಫೆಬ್ರವರಿ 3

ನಾನೇ ಮಾಡಬಹುದು. ನಂಬರ್ ಇದೆ. ಮಾಡುತ್ತಿಲ್ಲ. ತಡವಾಯಿತು ಎಂದು ಹೇಳಿಬಿಟ್ಟರೆ?

ಫೆಬ್ರವರಿ 9, ಭಾನುವಾರ, ಮಧ್ಯಾಹ್ನ

ಬಂತು. ಈಗಷ್ಟೇ. ಅಂಗಡಿ ತುಂಬ ಜನ, ಚಿಕ್ಕಮ್ಮ ಕೈಸನ್ನೆ ಮಾಡಿ ಹೋಗು ಹೋಗು ಎಂದಳು. ನೀರಿನಂಚಿಗೆ ಹೋಗಿ ನಿಂತು ಮಾತಾಡಿದೆ. ಬೇರೆಯವರಿಗೆ ನಾನೇ ಬೇಡ ಎನ್ನುವುದು, ಇರಲಿ.

ದೋನಾ ಎರ್ಸಿಲಿಯಾ. ತಂಗಿ ಆಸ್ಪತ್ರೆಯಲ್ಲಿದ್ದಳಂತೆ, ನಿನ್ನೆ ಮನೆಗೆ ಕಳಿಸಿದರಂತೆ. ಇನ್ನು ಮನೆಯಲ್ಲೇ ಇರಲಿ ಎಂದು. ಆ ಮಾತನ್ನು ಅವಳು ಮೆಲ್ಲಗೆ ಹೇಳಿದಳು. ಅರ್ಥವಾಯಿತು.

“ನೀರು ಹಂಗ ಐತವ್ವಾ, ಬಿರಡಿ ಸುದ್ದಾ ತಗದಿಲ್ಲ. ಆದ್ರ ನನ ಮಗ ಅದು ನಲ್ಲಿ ನೀರು, ರಿಯೊದವ್ರು ನಿನಗ ಟೋಪಿ ಹಾಕ್ಯಾರ ಅಂತಾನ. ಝುಲ್ಮಿರಾಗೂ ಈಗ ಸಂಶಯ. ನೀ ಸುಳ್ಳು ಹೇಳಂಗಿಲ್ಲ ಅಂತ ಆಕಿಗೆ ಹೇಳೇನಿ. ಮಾತಾಡು.”

ಫೋನಿನಲ್ಲಿ ಉಸಿರು. ಆಮೇಲೆ ಸಣ್ಣ ದನಿ.

“ಕಡಲಿಂದನ?”

“ಕಡಲಿಂದಾನೇ ಅಜ್ಜಿ. ನಿಮ್ಮಕ್ಕ ಕೈಯಾರೆ ತುಂಬಿದ್ದು, ನಾನು ಹಿಂದೆ ನಿಂತು ನೋಡಿದ್ದೀನಿ. ಸ್ವಲ್ಪ ಮರಳೂ ಬಂದಿದೆ. ಈಗ ವಾಸನೆನೂ ಹಿಡಿದಿರಬಹುದು. ಕಾಲಿಗೆ ಹಾಕ್ಕೊಳ್ಳಿ. ಊತ ಇಳಿಯುತ್ತೆ ಅಂತ ನಾನು ಹೇಳಲ್ಲ.”

“ಊತ ಇಳಿಸಾಕ ಯಾರು ಕೇಳ್ಯಾರ,” ಎಂದಳು.

ಬಿರಡೆ ಬಿಚ್ಚಿದ ಸದ್ದು. ಬೇಸಿನ್ನಿನಲ್ಲಿ ನೀರು ಬಿದ್ದ ಸದ್ದು. ಆಮೇಲೆ ದೋನಾ ಎರ್ಸಿಲಿಯಾ ಬೈಯುವುದು ಕೇಳಿಸಿತು — “ಏ, ಬಾಯಿಗೆ ಹಾಕಬ್ಯಾಡ!” — ಮತ್ತೆ ಕೆಮ್ಮು, ಕೆಮ್ಮಿನ ನಡುವೆ ನಗು.

“ಥೂ! ಇಷ್ಟ್ ಉಪ್ಪನ?”

“ಇಷ್ಟೇ ಉಪ್ಪು.”

“ಹುಡುಗಿ, ನೀ ಈಗ ಎಲ್ಲಿ ನಿಂತಿ?”

“ನೀರಲ್ಲೇ. ಪಾದ ಮುಳುಗಿದೆ.”

“ನಂದೂ ಮುಳುಗೇತಿ,” ಎಂದಳು. “ಎಷ್ಟ್ ದೊಡ್ಡದೈತಿ ಅದು? ಅಕ್ಕ ದೊಡ್ಡದು, ದೊಡ್ಡದು ಅಂತಾಳ, ಮುಂದ ಹೇಳಾಕ ಬರಂಗಿಲ್ಲ ಆಕಿಗೆ. ನೀ ಹೇಳು. ಇದ್ದದ್ದ ಇದ್ದಂಗ ಹೇಳು.”

ದಿನಾ ನೋಡುತ್ತೇನೆ. ಯಾರೂ ಕೇಳಿರಲಿಲ್ಲ. ತಲೆಯೆತ್ತಿ ನೋಡಿದೆ. ಎಡಕ್ಕೆ ಲೆಮೆ ಬೆಟ್ಟದ ತನಕ ಇದೆ, ಎಂದೆ. ಬಲಕ್ಕೆ ಕೋಟೆಯ ತನಕ. ಹ್ಞೂಂ, ಎಂದಳು. ಎದುರಿಗೆ? ಎಂದಳು.

ಎದುರಿಗೆ… ಆಚೆ ದಡ ಕಾಣಿಸುವುದೇ ಇಲ್ಲ ಅಜ್ಜಿ, ಎಂದೆ.