ಯಜಮಾನರ ಊಟ

ಅಪ್ಪ,

ನೀನಿಲ್ಲವೆಂದು ತಿಳಿದೇ ಬರೆಯುತ್ತಿದ್ದೇನೆ. ನಿನ್ನ ನಾಯಿಯ ವಿಷಯವನ್ನು ಬೇರೆ ಯಾರಿಗೆ ಹೇಳಲಿ?

ನಾಳೆ ಕಾರ್ಮಿಕರ ಸಮಾವೇಶಕ್ಕೆ ಹೊರಟಿದ್ದೇನೆ. ಅಮ್ಮನೂ ಬರುತ್ತಾಳೆ, ನಂಬು. ನಾಯಿಯನ್ನು ನೋಡಿಕೊಳ್ಳಲು ಎದುರುಮನೆಯ ಟೈಲರ್ ಅತ್ತೆ ಒಪ್ಪಿದ್ದಾರೆ. ಆದರೆ ಹೊಸಬರು ತಟ್ಟೆ ಇಟ್ಟರೆ ಅದು ಮೂಸಿಯೂ ನೋಡುವುದಿಲ್ಲ. ಅವರ ಕೈಯಿಂದ ತಿನ್ನದಿದ್ದರೆ ನಮ್ಮ ಪ್ರಯಾಣ ನಿಂತ ಹಾಗೆಯೇ. ಅದಕ್ಕೇ ಇವತ್ತು ಅವರನ್ನು ಕರೆಸಿದೆ.

ನೀನು ಅದನ್ನು ಯಜಮಾನ್ರೇ ಎಂದು ಕರೆಯುತ್ತಿದ್ದೆ. ಯಾರೂ ಯಾರಿಗೂ ಯಜಮಾನರಲ್ಲ ಎಂದು ಕರಪತ್ರ ಹಿಡಿದು ನಿನ್ನೊಡನೆ ವಾದಿಸಿ, ನಾನು ಅದಕ್ಕೆ ಗೆಳೆಯ ಎಂದು ಹೆಸರಿಟ್ಟಿದ್ದೆ. ಅತ್ತೆಗೂ ಅದನ್ನೇ ಹೇಳಿಕೊಟ್ಟೆ.

"ಗೆಳೆಯಾ, ಬಾರೋ," ಎಂದು ಅವರು ತಟ್ಟೆ ಕುಟ್ಟಿದರು. ಅದು ಮಲಗಿದಲ್ಲಿಂದ ಏಳಲೇ ಇಲ್ಲ.

"ನಿನ್ನ ಗೆಳೆಯನಿಗೆ ಕಿವಿ ಕೇಳಲ್ವೇನೇ? ನಿಮ್ಮಪ್ಪ ಏನಂತ ಕರೀತಿದ್ರು?"

ಬೇರೆ ದಾರಿಯಿರಲಿಲ್ಲ. ನಿನ್ನ ಹಾಗೆಯೇ ಗಂಟಲು ಸರಿಮಾಡಿಕೊಂಡು, "ಯಜಮಾನ್ರೇ, ಊಟಕ್ಕೆ ದಯಮಾಡಿಸ್ಬೇಕು," ಎಂದೆ.

ಅದು ದಡಕ್ಕನೆ ಎದ್ದು, ತಟ್ಟೆಯನ್ನು ದಾಟಿ, ನೇರವಾಗಿ ಬಾಗಿಲಿಗೆ ಓಡಿತು. ಬೀದಿಯನ್ನೇ ನೋಡುತ್ತ ಬಾಲ ಅಲ್ಲಾಡಿಸಿತು. ಸ್ವಲ್ಪ ಹೊತ್ತಿಗೆ ಅದು ಹಿಂದಿರುಗಿ ಬಂದು, ಅತ್ತೆಯ ಕೈ ಮೂಸಿ, ತಿನ್ನತೊಡಗಿತು.

"ಧೈರ್ಯವಾಗಿ ಹೋಗಿಬನ್ನಿ," ಎಂದರು ಅತ್ತೆ. "ಯಜಮಾನ್ರು ಒಪ್ಪಿದ್ರು. ನಾನೂ ಹೀಗೇ ಕರೀತೀನಿ."

ನಾನು ಇನ್ನೂ ಬಾಗಿಲ ಕಡೆಗೇ ನೋಡುತ್ತಿದ್ದೆ, ಅಪ್ಪ.